ನನ್ನ ರೆಸ್ಯೂಮಿನಲ್ಲಿ ಅವಳ ಐದು ವರ್ಷ

ಮನೆಯಲ್ಲೇ ಕುಳಿತು ಮಾಡುವಂಥ ಕೆಲಸ ಬೇಕೆಂದು ನಾವಿಬ್ಬರೂ ಒಂದೇ ಬೇಸಿಗೆಯಲ್ಲಿ ಹುಡುಕಲು ಶುರು ಮಾಡಿದೆವು. ನಾನು ಸಿಂಧನೂರಿನಲ್ಲಿ, ಅವಳು ಮಸ್ಕಿಯಲ್ಲಿ. ಲಿಂಗಸುಗೂರಿನ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನ ಮೇಲೆ ಕುಳಿತು ಬಿ.ಕಾಂ. ಓದಿದವರು ನಾವು. ಲಿಂಗಸುಗೂರು ನನ್ನ ತವರು. ಅವಳು ದಿನಾ ಮಸ್ಕಿಯಿಂದ ಬಸ್ಸಿಗೆ ಬರುತ್ತಿದ್ದಳು. ಸಂಜೆಯ ಬಸ್ಸು ತಪ್ಪಿದರೆ ನಮ್ಮ ಮನೆಯಲ್ಲೇ ಉಳಿಯುತ್ತಿದ್ದಳು, ಅವ್ವ ಇಬ್ಬರಿಗೂ ಒಂದೇ ಗಂಗಾಳದಲ್ಲಿ ಬಡಿಸುತ್ತಿದ್ದಳು. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ನಾನು ಮಾಡಿದ್ದು ಗುರುತು ಪರಿಚಯ ಇಲ್ಲದ ಯಾರಿಗೋ ಮಾಡಿದ್ದಲ್ಲ.

ಮದುವೆಯಾಗಿ ಸಿಂಧನೂರಿಗೆ ಬಂದ ಮೇಲೆ ನಾನು ನಾಲ್ಕು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳಿದೆ. ಮಗಳು ಹುಟ್ಟಿದ ಮೇಲೆ ಬಿಟ್ಟೆ. ನನ್ನ ಗಂಡನದು ಬೀಜ, ಗೊಬ್ಬರದ ಅಂಗಡಿ. ಅವರು ಮಧ್ಯಾಹ್ನ ಊಟಕ್ಕೆ ಬಂದಾಗ ನಾನು ಹೋಗಿ ಅರ್ಧ ತಾಸು ಗಲ್ಲಾದ ಹತ್ತಿರ ಕೂಡುತ್ತಿದ್ದೆ. ಆ ಹೊತ್ತಿನಲ್ಲಿ ಯಾರಾದರೂ ಬಂದರೆ "ಅವ್ರು ಈಗ ಬರ್ತಾರ, ಕೂಡ್ರಿ" ಎನ್ನುವುದು ಬಿಟ್ಟು ಬೇರೇನೂ ಹೇಳಿದ ನೆನಪಿಲ್ಲ.

ಅವಳ ದಾರಿ ಬೇರೆಯಾಯಿತು. ಡಿಗ್ರಿ ಮುಗಿಸಿ ಒಂದೆರಡು ವರ್ಷಕ್ಕೆ ಅವಳ ಅವ್ವನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಮದುವೆಯ ಮಾತು ಹಿಂದೆ ಬಿತ್ತು. ಅವ್ವನನ್ನು ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಅವಳ ಅಣ್ಣ ಹೊಲಕ್ಕೆ ನೀರೆತ್ತುವ, ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿ ಕೊಡುವ ಅಂಗಡಿ ಇಟ್ಟಿದ್ದ. ಮನೆ ಹಿಂದೆ, ಅಂಗಡಿ ಮುಂದೆ. ಅಂಗಡಿಯ ಫೋನು ಅವಳ ಕೈಗೆ ಬಂತು. ನಾಟಿಯ ಕಾಲದಲ್ಲಿ ಆ ಫೋನಿಗೆ ಬಿಡುವೆಂಬುದೇ ಇರುತ್ತಿರಲಿಲ್ಲ. ಗೊರೇಬಾಳದಿಂದ ಒಬ್ಬ, ಬಳಗಾನೂರಿನಿಂದ ಒಬ್ಬ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿಂದ ತೆಲುಗು ಮಾತಾಡುವವರು, ಮಸ್ಕಿಯೊಳಗಿನ ಉರ್ದು ಮಾತಾಡುವವರು. ಅವಳು ಒಂದು ಉದ್ದನೆಯ ರಿಜಿಸ್ಟರ್ ಮಾಡಿಕೊಂಡಿದ್ದಳು. ಫೋನು ಬಂದ ಹೊತ್ತು, ಊರು, ಏನಾಗಿದೆ, ಯಾರು ಹೋದರು, ಎಂದು ಮುಗಿಯಿತು. ಪೈರು ಒಣಗುತ್ತಿದ್ದರೆ ಹೆಸರಿನ ಮುಂದೆ ಕೆಂಪು ಗೀಟು. ಅಣ್ಣ ಮತ್ತು ಅವನ ಕೆಲಸಗಾರರು ಬೆಳಿಗ್ಗೆ ಎದ್ದು ಆ ರಿಜಿಸ್ಟರ್ ನೋಡಿಯೇ ಯಾವ ಊರಿಗೆ ಮೊದಲು ಹೋಗಬೇಕೆಂದು ತೀರ್ಮಾನಿಸುತ್ತಿದ್ದರು. ಐದು ವರ್ಷ ಹೀಗೆ ನಡೆಸಿದಳು. ಯಾರೂ ಅವಳಿಗೆ ಇದನ್ನು ಕಲಿಸಿರಲಿಲ್ಲ.

ಒಮ್ಮೆ ಸಿಂಧನೂರಿಗೆ ಬಂದಿದ್ದಾಗ ನನ್ನ ಅಡುಗೆಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಒಂದು ಸಂಗತಿ ಹೇಳಿದಳು. ಬಳಗಾನೂರು ಕಡೆಯ ಒಬ್ಬ ಮುದುಕರ ಮೋಟಾರು ಕಟ್ಟಿಕೊಟ್ಟು ವಾರವಾಗಿರಲಿಲ್ಲ, ಮತ್ತೆ ಸುಟ್ಟಿತು. ಅವರು ಫೋನು ಮಾಡಿ ಬಾಯಿಗೆ ಬಂದಂತೆ ಬೈದರು. ಇವಳು ಫೋನು ಇಡಲಿಲ್ಲ, ಎದುರು ಮಾತೂ ಆಡಲಿಲ್ಲ. ಅವರು ಉಸಿರು ತಗೊಳ್ಳಲು ನಿಂತಾಗ ಕೇಳಿದಳಂತೆ, "ಕಾಕಾ, ಮುಂಜಾನಿಂದ ಏನರ ಉಂಡೀರೇನು?"

ಬೈಗುಳ ಅಲ್ಲಿಗೇ ನಿಂತಿತು. ಆಮೇಲೆ, "ಎಲ್ಲಿ ಉಣ್ಲೆವ್ವ, ಸಸಿ ನೋಡಿದ್ರ ಗಂಟಲದಾಗ ಇಳಿಯಂಗಿಲ್ಲ."

"ನೀವು ಮನೀಗಿ ಹೋಗಿ ಎಲ್ಡು ರೊಟ್ಟಿ ತಿಂದು ಹೊಲಕ್ಕ ಬರ್ರಿ. ನೀವು ಬರೋದ್ರಾಗ ನಮ್ಮಣ್ಣ ಅಲ್ಲೇ ಇರ್ತಾನ."

ಅಣ್ಣನಿಗೆ ಬೇರೆ ಊರಿನಿಂದ ಬೈಕ್ ತಿರುಗಿಸಲು ಹೇಳಿದಳು. ಮುದುಕರು ರೊಟ್ಟಿ ತಿಂದು ಬರುವಷ್ಟರಲ್ಲಿ ಅಣ್ಣ ನಿಜಕ್ಕೂ ಅಲ್ಲಿದ್ದ. ಅಲ್ಲಿಂದ ಮುಂದೆ ಆ ಮುದುಕರು ಮಸ್ಕಿಗೆ ಬಂದಾಗಲೆಲ್ಲ ಅಂಗಡಿಯ ಮುಂದೆ ನಿಂತು "ಊಟ ಆತೇನವ್ವ?" ಎಂದು ಇವಳನ್ನೇ ಕೇಳಿ ಹೋಗುತ್ತಿದ್ದರಂತೆ. ಹೇಳಿ ಅವಳು ನಕ್ಕಳು. ನಾನೂ ನಕ್ಕೆ. ಅವತ್ತು ಅದು ಒಂದು ನಗುವ ಮಾತು, ಅಷ್ಟೇ.

ಮನೆಬಳಕೆಯ ಸಾಮಾನುಗಳನ್ನು ಆನ್‌ಲೈನಿನಲ್ಲಿ ಮಾರುವ ಒಂದು ಕಂಪನಿಗೆ ಮನೆಯಿಂದಲೇ ಕನ್ನಡದಲ್ಲಿ ಗ್ರಾಹಕರ ದೂರು ಕೇಳುವವರು ಬೇಕಾಗಿದ್ದಾರೆ ಎಂಬ ಸುದ್ದಿಯನ್ನು ಕಂಡುಹಿಡಿದವಳೂ ಅವಳೇ. ನನಗೆ ಕಳಿಸಿದಳು. "ಇಬ್ರೂ ಹಾಕೂಣು" ಅಂದಳು. ಇಂಗ್ಲಿಷಿನಲ್ಲಿ ನಾನು ಸ್ವಲ್ಪ ಮುಂದು, ಹಾಗಾಗಿ ಅವಳ ರೆಸ್ಯೂಮ್ ತಿದ್ದಿಸಿಕೊಳ್ಳಲು ಒಂದು ದಿನ ಅಣ್ಣನ ಹೆಂಡತಿಗೆ ಅವ್ವನನ್ನು ಒಪ್ಪಿಸಿ ಸಿಂಧನೂರಿಗೆ ಬಂದಳು. ಯಾರದೋ ಹಳೆಯ ಬಯೋಡೇಟಾ ನೋಡಿ ಮಾಡಿದ ಎರಡು ಹಾಳೆ. ಮೊದಲಿಗೆ ತಂದೆಯ ಹೆಸರು, ಹುಟ್ಟಿದ ತಾರೀಖು. ಹವ್ಯಾಸ: ರಂಗೋಲಿ. ನಡುವೆ ಒಂದು ಕಡೆ, ಅಣ್ಣನ ಮೋಟಾರು ಅಂಗಡಿಯಲ್ಲಿ ಐದು ವರ್ಷ ಫೋನು, ದೂರು, ರಿಜಿಸ್ಟರ್ ನೋಡಿಕೊಂಡಿದ್ದೇನೆ ಎಂದು ಆರು ಸಾಲು ಬರೆದಿದ್ದಳು. ಇಂಗ್ಲಿಷ್ ತಪ್ಪಿತ್ತು, ವಿಷಯ ಪೂರ್ತಿಯಿತ್ತು.

ನಾನು ಆ ಆರು ಸಾಲಿನ ಮೇಲೆ ಪೆನ್ನಿನಿಂದ ಗೀಟೆಳೆದೆ.

"ಮೋಟಾರ್ ಅಂಗಡಿದು ಇದ್ರಾಗ ಬ್ಯಾಡಲೇ," ಎಂದೆ. "ಪಗಾರ ಇಲ್ಲ, ಅಪಾಯಿಂಟ್‌ಮೆಂಟ್ ಆರ್ಡರ್ ಇಲ್ಲ. ಅಣ್ಣನ ಅಂಗಡ್ಯಾಗ ಕುಂತಿದ್ದು ಕೆಲಸ ಅಂತ ಯಾರು ಹಿಡೀತಾರ? ನೋಡಿ ನಗ್ತಾರ."

ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು. "ಹೌದೇನು? ಆತು, ನಿನಗ ತಿಳೀತೈತಿ, ನೀ ಹೆಂಗ ಹೇಳ್ತಿ ಹಂಗ."

ಮನೆಯ ವ್ಯವಹಾರಕ್ಕೆ ನೆರವಾಗಿದ್ದೇನೆ ಎಂಬ ಅರ್ಥದ ಒಂದೇ ಸಾಲು ಟೈಪ್ ಮಾಡಿದೆ. ಹವ್ಯಾಸ ತೆಗೆದು ಕಂಪ್ಯೂಟರ್ ಜ್ಞಾನ ಸೇರಿಸಿದೆ. ಒಂದೇ ಹಾಳೆಗೆ ಇಳಿಸಿ, ಅಕ್ಷರ ನೇರ ಮಾಡಿ, ಅವತ್ತೇ ಅವಳ ಕಡೆಯಿಂದ ಕಳಿಸಿಯೂಬಿಟ್ಟೆವು. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ. ಇದನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜಕ್ಕೂ ಆ ಕೆಲಸ ರೆಸ್ಯೂಮಿಗೆ ಸಲ್ಲುವುದಿಲ್ಲ ಎಂದೇ ತಿಳಿದಿದ್ದೆ.

ಎರಡು ದಿನದ ಮೇಲೆ ಮಧ್ಯಾಹ್ನ ನನ್ನ ರೆಸ್ಯೂಮ್ ತಯಾರು ಮಾಡಲು ಕೂತೆ. ಶಾಲೆಯ ನಾಲ್ಕು ವರ್ಷ ಬರೆದರೆ ಮುಗಿಯಿತು, ಆಮೇಲೆ ಬರೀ ಖಾಲಿ. ಏನು ಮಾಡುವುದೆಂದು ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿಕೊಂಡೆ. ಮನೆಯಿಂದ ಮಾಡುವ ಕೆಲಸಕ್ಕೆ ರೆಸ್ಯೂಮ್ ಹೇಗಿರಬೇಕು ಎಂದು ಒಬ್ಬ ಹೆಣ್ಣುಮಗಳು ನಿಧಾನವಾಗಿ ತಿಳಿಸಿ ಹೇಳುತ್ತಿದ್ದಳು. ಪಗಾರ ಬಂದದ್ದಷ್ಟೇ ಕೆಲಸವಲ್ಲ. ಮನೆಯವರ ಅಂಗಡಿ, ಸಂಘ, ಶಾಲೆ ಎಲ್ಲಿ ಏನು ಮಾಡಿದ್ದರೂ ಬರೆಯಿರಿ. ಬರೇ 'ನೋಡಿಕೊಂಡೆ' ಎನ್ನಬೇಡಿ. ಏನು ಮಾಡಿದಿರಿ, ಎಷ್ಟು ಮಾಡಿದಿರಿ, ಅದರಿಂದ ಏನು ಸುಧಾರಿಸಿತು, ಅದನ್ನು ಹೇಳಿ. ದೂರದಲ್ಲಿ ಕೂತವರಿಗೆ ನಿಮ್ಮ ಬಗ್ಗೆ ತಿಳಿಯಬೇಕಾದದ್ದು ಒಂದೇ: ಯಾರೂ ತಲೆಯ ಮೇಲೆ ನಿಲ್ಲದಿದ್ದರೂ ನೀವು ಕೆಲಸವನ್ನು ಒಂದು ಕ್ರಮಕ್ಕೆ ತಂದು ನಡೆಸಬಲ್ಲಿರಾ ಎಂಬುದು.

ನನ್ನ ಕಣ್ಣಿಗೆ ಕಂಡಿದ್ದು ಆ ರಿಜಿಸ್ಟರ್. ನನ್ನದೇ ಪೆನ್ನಿನ ಗೀಟು.

ತಕ್ಷಣ ಅವಳಿಗೆ ಫೋನು ಹಚ್ಚಿದೆ. ಎಂಗೇಜ್ ಬಂತು. ಕಟ್ ಮಾಡಿ ಲ್ಯಾಪ್‌ಟಾಪಿನ ಮುಂದೆ ಕೂತೆ. ಅವಳು ತಿರುಗಿ ಫೋನು ಮಾಡುವವರೆಗೆ ಹತ್ತು ನಿಮಿಷ ಆಗಿರಬಹುದು. ಆ ಹತ್ತು ನಿಮಿಷದಲ್ಲಿ ನಾನು ಬೇರೆಯವಳಾಗಿದ್ದೆ. ಗಂಡನ ಅಂಗಡಿಯ ಹೆಸರು ಬರೆದು, ಅದರ ಕೆಳಗೆ ದಿನಕ್ಕೆ ಇಷ್ಟು ಕರೆ, ಮೂರು ಭಾಷೆ, ದೂರುಗಳ ದಾಖಲೆ, ತುರ್ತಿನವಕ್ಕೆ ಕೆಂಪು ಗುರುತು ಎಂದು ಅರ್ಧ ಟೈಪ್ ಮಾಡಿಯಾಗಿತ್ತು. ಹೊಸದಾಗಿ ಏನೂ ಹುಟ್ಟಿಸಬೇಕಾಗಲಿಲ್ಲ. ಅವಳ ಆರು ಸಾಲು ನನಗೆ ಬಾಯಿಪಾಠವಾಗಿದ್ದವು.

"ಯಾಕಲೇ, ಫೋನ್ ಮಾಡಿದ್ದೇನು?" ಎಂದಳು.

"ಏನಿಲ್ಲ, ಸುಮ್ನ ಮಾಡಿದ್ದೆ. ಅವ್ವ ಹೆಂಗದಾಳ?"

ಅವ್ವನಿಗೆ ಅವತ್ತು ಸ್ವಲ್ಪ ಆರಾಮಿತ್ತು. ಅದನ್ನೇ ಐದು ನಿಮಿಷ ಸಂತೋಷದಿಂದ ಹೇಳಿ ಇಟ್ಟಳು. ನಾನು ಟೈಪ್ ಮಾಡುವುದನ್ನು ಮುಂದುವರಿಸಿದೆ.

ವಾರದೊಳಗೆ ನನಗೆ ವಿಡಿಯೋ ಕಾಲಿನಲ್ಲಿ ಇಂಟರ್‌ವ್ಯೂ ಬಂತು. ಅವಳಿಗೆ ಬರಲಿಲ್ಲ. ನನ್ನನ್ನು ಮಾತಾಡಿಸಿದವರು ಬೆಂಗಳೂರು ಕಡೆಯ ಒಬ್ಬ ಮೇಡಂ, ಆ ತಂಡದ ಮುಖ್ಯಸ್ಥೆ. ಅವರು ಕೇಳಿದರು, "ತುಂಬಾ ಸಿಟ್ಟಾದ ಗಿರಾಕಿಯನ್ನ ನೀವು ಯಾವತ್ತಾದರೂ ಸಮಾಧಾನ ಮಾಡಿದ್ದೀರಾ? ಒಂದು ಉದಾಹರಣೆ ಹೇಳಿ."

ನನ್ನ ಬಾಯಿಂದ ಆ ಮುದುಕರು ಬಂದರು. ಮೋಟಾರಿನ ಬದಲು ಬೀಜ ಎಂದೆ, ಮೊಳಕೆ ಸರಿಯಾಗಿ ಬಂದಿಲ್ಲವೆಂದು ಬೈದರು ಎಂದೆ. ಬಳಗಾನೂರಿನ ಬದಲು ಸಂತೆಕಲ್ಲೂರು ಎಂದೆ. ಉಳಿದದ್ದೆಲ್ಲ ಅವಳು ಹೇಳಿದಂತೆಯೇ ಇತ್ತು. ಕಾಕಾ, ಮುಂಜಾನಿಂದ ಏನರ ಉಂಡೀರೇನು. ಹೇಳುವಾಗ ಅಂಜಿಕೆಯಿಂದ ಒಂದೆರಡು ಕಡೆ ತಡವರಿಸಿದೆ. ಮೇಡಂ ಬೇರೆಯೇ ತಿಳಿದುಕೊಂಡರು. "ಎಷ್ಟು ಚೆನ್ನಾಗಿ ಹೇಳಿದಿರಿ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಕೆಲಸ ಸಿಕ್ಕಿತು. ಮಹಡಿಯ ಮೇಲಿನ ಕೋಣೆಯನ್ನು ಖಾಲಿ ಮಾಡಿ ಮೇಜು ಹಾಕಿಸಿದೆವು. ಅವಳು ಮೈಸೂರು ಪಾಕು ತಗೊಂಡು ನೋಡಲು ಬಂದಳು. ಹೆಡ್‌ಫೋನ್ ಹಾಕಿಕೊಂಡು ನೋಡಿದಳು, ಕುರ್ಚಿಯ ಮೇಲೆ ಒಂದು ಸುತ್ತು ತಿರುಗಿದಳು. "ಇಬ್ರಾಗ ಒಬ್ಬರಿಗರ ಆತಲ್ಲ," ಎಂದಳು. "ನಿನ್ನ ರೆಸ್ಯೂಮ್ ನನಗೂ ಒಮ್ಮಿ ಕಳಿಸಲೇ, ಹೆಂಗ ಬರದಿ ಅಂತ ನೋಡ್ತೀನಿ."

"ಕಳಿಸ್ತೀನಿ," ಎಂದೆ. ಕಳಿಸಲಿಲ್ಲ. ಆಕೆ ಮತ್ತೆರಡು ಸಲ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಇಂಥ ವಿಷಯದಲ್ಲಿ ಒತ್ತಾಯ ಮಾಡುವ ಹೆಣ್ಣಲ್ಲ ಅವಳು.

ಕೆಲಸ ನಾನು ಚೆನ್ನಾಗಿಯೇ ಮಾಡಿದೆ. ಅದೂ ಒಂದು ವಿಚಿತ್ರ. ಮಿಕ್ಸರ್ ಸುಟ್ಟಿತೆಂದು ಯಾರಾದರೂ ಚೀರಿದಾಗ ನನಗೆ ಬೇರೆ ದಾರಿ ಗೊತ್ತಿರಲಿಲ್ಲ, ಅವಳಿದ್ದರೆ ಏನು ಹೇಳುತ್ತಿದ್ದಳು ಎಂದು ನೆನೆದು ಹಾಗೆ ಹೇಳುತ್ತಿದ್ದೆ. ಅದು ಫಲ ಕೊಡುತ್ತಿತ್ತು. ಮೇಡಂ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವಾಗ ಆ ಮುದುಕರ ಕಥೆಯನ್ನು ಹೇಳಲು ಶುರು ಮಾಡಿದರು. "ನಮ್ಮ ಸಿಂಧನೂರಿನ ಮೇಡಂ ಒಬ್ಬರಿದ್ದಾರೆ," ಎಂದು. ಒಂದು ಸಲ ನನ್ನಿಂದಲೇ ಹೇಳಿಸಿದರು. ಪರದೆಯ ಮೇಲೆ ಹತ್ತಾರು ಮುಖ, ಎಲ್ಲರೂ ತಲೆಯಾಡಿಸುತ್ತಿದ್ದರು. ಹೇಳಿ ಮುಗಿಸಿ ಕ್ಯಾಮೆರಾ ಬಂದ್ ಮಾಡಿ ಸುಮ್ಮನೆ ಗೋಡೆ ನೋಡುತ್ತಾ ಕೂತೆ. ಕೆಳಗಿನಿಂದ ಮಗಳು ಎರಡನೆಯ ಸಲ ಕರೆದಾಗ ಎದ್ದು ಹೋದೆ.

ವರ್ಷವಾದ ಮೇಲೆ ಇನ್ನಷ್ಟು ಜನ ಬೇಕಾದರು. ಗೊತ್ತಿದ್ದವರಿದ್ದರೆ ಹೇಳಿ ಎಂದರು ಮೇಡಂ. ನನಗೆ ಎದೆಯ ಮೇಲಿನ ಕಲ್ಲು ಇಳಿಸುವ ಸಮಯ ಬಂತು ಅನಿಸಿತು. ಅವಳನ್ನು ಕರೆದೆ. ಈ ಸಲ ಇಬ್ಬರೂ ಕೂತು ರೆಸ್ಯೂಮನ್ನು ಸರಿಯಾಗಿ ಬರೆದೆವು. ವಿಡಿಯೋದಲ್ಲಿ ಕಲಿತದ್ದನ್ನೆಲ್ಲ ಅವಳಿಗೆ ಹೇಳಿದೆ. ಅವ್ವನ ಔಷಧಿ, ಊಟ, ವ್ಯಾಯಾಮದ ವೇಳೆಯನ್ನು ತಪ್ಪದಂತೆ ನಡೆಸಿದ್ದನ್ನು ಬರೆದೆವು. ಕನ್ನಡ ಟೈಪಿಂಗಿನ ವೇಗ ಬರೆದೆವು.

ಅವಳು ಕೇಳಿದಳು, "ಅಂಗಡಿ ಫೋನಿಂದು, ರಿಜಿಸ್ಟರಿಂದು ಈಗರ ಹಾಕೂಣೇನು? ಪಗಾರ ಇಲ್ಲದ್ದೂ ನಡೀತೈತಿ ಅಂದ್ಯಲ್ಲ."

ಹಾಕಿದರೆ ಮೇಡಂ ಕಣ್ಣಿಗೆ ಬೀಳುತ್ತದೆ. ಅದೇ ಕೆಂಪು ಗೀಟು, ಅದೇ ಮೂರು ಭಾಷೆ.

"ಬ್ಯಾಡ," ಎಂದೆ. "ಹಾಳಿ ತುಂಬೈತಿ. ಬರೇ ಐದು ವರ್ಷ ಅಂಗಡಿ ಫೋನ್ ನೋಡೀನಿ ಅಂತ ಹಾಕು, ಸಾಕು."

ಮೊದಲ ಸಲ ತಿಳಿಯದೆ ಹೊಡೆದು ಹಾಕಿದ್ದೆ. ಎರಡನೆಯ ಸಲ ತಿಳಿದೇ ಮಾಡಿದೆ. ಅವಳಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾ ಮಾಡಿದೆ.

ನನ್ನ ಶಿಫಾರಸಿನ ಮೇಲೆ ಅವಳಿಗೆ ಇಂಟರ್‌ವ್ಯೂ ಬಂತು. ಅವತ್ತು ಬೆಳಿಗ್ಗೆ ನನಗೆ ಫೋನು ಮಾಡಿ, ಏನೇನು ಕೇಳುತ್ತಾರೆ ಎಂದು ವಿಚಾರಿಸಿದಳು. ನಾನು ಎಲ್ಲ ಹೇಳಿದೆ, ಆ ಒಂದು ಪ್ರಶ್ನೆಯನ್ನು ಬಿಟ್ಟು. ಕೇಳದೇ ಇರಲಿ ಎಂದು ದೇವರಿಗೆ ಕೈ ಮುಗಿದೆ.

ಮಧ್ಯಾಹ್ನ ಮೇಡಂ ನನಗೇ ಫೋನು ಮಾಡಿದರು. ಅವರ ದನಿಯಲ್ಲಿ ಬೇಸರವಿತ್ತು. "ನಿಮ್ಮ ಸ್ನೇಹಿತೆ ಒಳ್ಳೆಯವರೇ ಇರಬಹುದು. ಆದರೆ ನಿಮ್ಮ ಕಥೆಯನ್ನೇ ತಮ್ಮದು ಅಂತ ಹೇಳಿಬಿಟ್ಟರು. ಬೀಜದ ಬದಲು ಮೋಟಾರ್ ಅಂದರು, ಅಷ್ಟೇ. ಇದನ್ನ ನಾನು ಬೇರೆ ಕಡೆ ಕೇಳಿದ್ದೀನಲ್ಲ ಅಂದೆ. ಅವರು ಗಾಬರಿಯಾದರು. ಇಂಥವರನ್ನ ತಗೊಳ್ಳೋದು ಕಷ್ಟ. ನೀವು ತಪ್ಪು ತಿಳ್ಕೋಬೇಡಿ."

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. "ಸರಿ ಮೇಡಂ," ಎಂದು ಬಂತು.

ಅವಳಿಂದ ಫೋನು ಬರುತ್ತದೆ ಎಂದು ಕಾದೆ. ಅವತ್ತು ಬರಲಿಲ್ಲ, ಮರುದಿನವೂ ಇಲ್ಲ. ಮೂರನೆಯ ದಿನ ರಜೆ ಹಾಕಿ ಮಸ್ಕಿಯ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಅವಳ ಅಣ್ಣ ಒಂದು ಮೋಟಾರಿನೊಳಗಿಂದ ಕಪ್ಪಾದ ತಂತಿ ಎಳೆಯುತ್ತಿದ್ದ. "ಬಾ ತಂಗಿ, ಒಳಗ ಅದಾಳ," ಎಂದ. ಅವನಿಗೆ ಗೊತ್ತಿಲ್ಲವೆಂದು ಮುಖದಲ್ಲೇ ತಿಳಿಯಿತು.

ಅವಳು ಅವ್ವನಿಗೆ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ನೋಡಿ "ಕೂಡು" ಎಂದಳು. ಚಮಚ ನಿಲ್ಲಿಸಲಿಲ್ಲ. ಅವ್ವ ನನ್ನನ್ನು ಗುರುತು ಹಿಡಿದು ಸರಿಯಿದ್ದ ಕೈಯನ್ನು ಎತ್ತಿದಳು, ನಾನು ಹೋಗಿ ಹಿಡಿದುಕೊಂಡೆ. ಗಂಜಿ ಮುಗಿಸಿ, ಬಾಯಿ ಒರೆಸಿ, ಅವ್ವನನ್ನು ಮಲಗಿಸಿದಳು. ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಬಂದು ಕೂತೆವು.

ನಾನು ಎಲ್ಲ ಹೇಳಿದೆ. ವಿಡಿಯೋ, ಎಂಗೇಜ್ ಬಂದ ಫೋನು, ಹತ್ತು ನಿಮಿಷ, ಸಂತೆಕಲ್ಲೂರು. ಅಳಬಾರದು ಎಂದು ನಿಶ್ಚಯ ಮಾಡಿಕೊಂಡು ಬಂದಿದ್ದೆ, ಅತ್ತರೆ ಅವಳು ನನ್ನನ್ನು ಸಮಾಧಾನ ಮಾಡಲು ನಿಲ್ಲುತ್ತಾಳೆಂದು ಗೊತ್ತಿತ್ತು. ಅಳಲಿಲ್ಲ.

ಮುಂದೆ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ಕೇಳುತ್ತಿತ್ತು.

"ಆ ಮೇಡಂ ಹಂಗ ಅಂದಾಗ ನನಗ ಏನನಸ್ತು ಗೊತ್ತೇನು?" ಎಂದಳು. "ನಾನ ಎಲ್ಲೋ ಕೇಳಿದ್ದು ನಂದು ಅಂತ ಹೇಳಾಕತ್ತೀನೇನೋ ಅನಿಸಿಬಿಡ್ತು. ಆ ಕಾಕಾ ನಮ್ಮ ಅಂಗಡಿ ಮುಂದ ನಿಂದ್ರತಿದ್ದ, ಅದು ಖರೇನ ಅಲ್ಲೋ ಅಂತ ಅಣ್ಣನ್ನ ಕೇಳಿದೆ."

ಅವಳೇ ಮುಂದುವರಿಸಿದಳು.

"ನೀ ಹೇಳಿಕೊಂಡಿದ್ದಕ್ಕ ಸಿಟ್ಟಿಲ್ಲ. ಕೇಳಿದ್ರ ನಾನ ಕೊಡ್ತಿದ್ದೆ. ಅದು ಕೆಲಸನ ಅಲ್ಲ ಅಂತ ನನಗ ಹೇಳಿದ್ಯಲ್ಲ, ನಾ ನಂಬಿದೆ. ಆಮ್ಯಾಲೆ ಫೋನ್ ಹಿಡಿಯೋದಕ್ಕ ನನಗ ಮನಸಾಗ್ತಿರಲಿಲ್ಲ. ಏನು ದೊಡ್ಡ ಕೆಲಸ ಅಂತ. ರಿಜಿಸ್ಟರ್ ಬರಿಯೋದೂ ಬಿಟ್ಟೆ."

ಇದು ನನಗೆ ಗೊತ್ತಿರಲಿಲ್ಲ. ಅವಳ ಕೆಲಸವೊಂದನ್ನು ಕದ್ದೆ ಎಂದಷ್ಟೇ ತಿಳಿದಿದ್ದೆ.

ಚಹಾ ಮಾಡಿ ಕೊಟ್ಟಳು. ಕುಡಿದೆ. ಬಸ್‌ಸ್ಟ್ಯಾಂಡಿನವರೆಗೆ ಬರಲಿಲ್ಲ, ಬಾಗಿಲಿನಲ್ಲೇ ನಿಂತಳು. ಸಿಂಧನೂರಿಗೆ ಮುಟ್ಟಿ ಸಂಜೆಯೇ ಮೇಡಂಗೆ ಉದ್ದನೆಯ ಮೇಲ್ ಬರೆದೆ. ಆ ಕಥೆ ಯಾರದು, ಆ ಐದು ವರ್ಷ ಯಾರವು, ನನ್ನ ರೆಸ್ಯೂಮಿನ ಯಾವ ಸಾಲು ಸುಳ್ಳು ಎಂದು ಒಂದೊಂದಾಗಿ ಬರೆದೆ. ಮಾಡಿದ್ದನ್ನೆಲ್ಲ ಗಂಡನಿಗೂ ಹೇಳಿ, ಕೆಲಸ ಹೋಗುತ್ತದೆ ಎಂದೆ. ಅವರು, "ನನ್ನ ಅಂಗಡಿ ಹೆಸರು ಹಾಕುವಾಗ ನನಗರ ಹೇಳಬೇಕಿತ್ತು," ಎಂದರು. ಅಷ್ಟೇ ಹೇಳಿ ಮಗಳಿಗೆ ಹೋಂವರ್ಕ್ ಮಾಡಿಸಲು ಹೋದರು.

ಕೆಲಸ ಹೋಗಲಿಲ್ಲ. ನಾಲ್ಕು ದಿನದ ಮೇಲೆ ಮೇಡಂ ಉತ್ತರ ಬರೆದರು. ಇದು ಸಣ್ಣ ತಪ್ಪಲ್ಲ, ಆದರೆ ಒಂದು ವರ್ಷದ ನಿಮ್ಮ ಕೆಲಸ ನೋಡಿ ಕಂಪನಿ ನಿಮ್ಮನ್ನು ಮುಂದುವರಿಸುತ್ತದೆ, ಹೊಸಬರಿಗೆ ತರಬೇತಿ ಕೊಡುವುದರಿಂದ ಮಾತ್ರ ಬಿಡಿಸಲಾಗಿದೆ, ನಾವೇ ನಿಮ್ಮ ಸ್ನೇಹಿತೆಯ ಕ್ಷಮೆ ಕೇಳಿ ಅವರನ್ನು ಮತ್ತೆ ಇಂಟರ್‌ವ್ಯೂಗೆ ಕರೆಯುತ್ತೇವೆ ಎಂದಿತ್ತು. ಓದಿ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ತೆಗೆದುಹಾಕಿದ್ದರೆ ಒಂದು ಲೆಕ್ಕಕ್ಕೆ ಎದೆ ತಣ್ಣಗಾಗುತ್ತಿತ್ತೇನೋ.

ಅವಳು ಹೋಗಲಿಲ್ಲ. ಮೇಡಂ ತಾವೇ ಫೋನು ಮಾಡಿದ್ದರಂತೆ. ಇವಳು ಮರ್ಯಾದೆಯಿಂದಲೇ ಬೇಡ ಎಂದಳಂತೆ. ನಾನು ಫೋನು ಮಾಡಿ ಕೇಳಿದ್ದಕ್ಕೆ, "ಅಲ್ಲಿ ಹೋದ್ರ ದಿನಾ ನಿನ್ನ ಹೆಸರು, ನನ್ನ ಹೆಸರು ಕೂಡಿಸಿ ನೋಡ್ತಾರಲೇ," ಎಂದಳು. "ನನಗ ಅದು ಬ್ಯಾಡ."

ಎಂಟು ತಿಂಗಳ ಮೇಲೆ ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ನನಗೆ ತಿಳಿದದ್ದು ತವರಿಗೆ ಹೋಗಿದ್ದಾಗ, ನಮ್ಮವ್ವನ ಬಾಯಿಂದ. ಆಸ್ಪತ್ರೆಗಳಿಗೆ ರೋಗಿಗಳ ಕರೆ ನೋಡಿಕೊಳ್ಳುವ ಒಂದು ಕಂಪನಿ, ಮನೆಯಿಂದಲೇ ಕೆಲಸ, ಮೂರು ಭಾಷೆಯೂ ಬೇಕಾದ ಜಾಗ. "ನಿನಗ ಹೇಳಿಲ್ಲೇನು?" ಎಂದು ಅವ್ವ ಅಚ್ಚರಿಯಿಂದ ಕೇಳಿದಳು. "ಗಡಬಡಿಯಾಗ ಇರ್ತಾಳಬೇ," ಎಂದೆ. ಅವ್ವನಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ಹೇಳುವ ಧೈರ್ಯ ನನಗಾಗಿಲ್ಲ.

ಹೋದ ತಿಂಗಳು ಲಿಂಗಸುಗೂರಿನಿಂದ ಸಿಂಧನೂರಿಗೆ ಬರುತ್ತಿದ್ದೆ. ಮಸ್ಕಿಯಲ್ಲಿ ಅವಳು ಬಸ್ಸು ಹತ್ತಿದಳು, ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ. ನನ್ನನ್ನು ಕಂಡಳು, ಅರೆಗಳಿಗೆ ನಿಂತಳು, ಬಂದು ಪಕ್ಕದಲ್ಲೇ ಕೂತಳು. ಕೀಬೋರ್ಡಿನ ಎರಡು ಅಕ್ಷರ ಒತ್ತುತ್ತಿಲ್ಲ, ಸಿಂಧನೂರಿನಲ್ಲಿ ರಿಪೇರಿಗೆ ಕೊಡಬೇಕು ಎಂದಳು. ನನ್ನ ಮಗಳು ಎಷ್ಟನೆಯ ಇಯತ್ತೆ ಎಂದು ಕೇಳಿದಳು. ತನ್ನ ಅವ್ವ ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೆ ಎಂದಳು. ಹೊಸ ಕೆಲಸಕ್ಕೆ ರೆಸ್ಯೂಮ್ ಯಾರು ಬರೆದುಕೊಟ್ಟರು ಎಂದು ನಾನು ಕೇಳಲಿಲ್ಲ, ಅವಳು ತಾನಾಗಿ ಹೇಳಿದಳು.

"ನಾನ ಬರದೆ. ಇಂಗ್ಲಿಷ್ ಎಲ್ಡು ಕಡಿ ತಪ್ಪಿತ್ತಂತ, ಇಂಟರ್‌ವ್ಯೂದಾಗ ಹೇಳಿದ್ರು. ನಕ್ಕೆ."

ರಸ್ತೆಯ ಎರಡೂ ಬದಿ ನಾಟಿ ನಡೆದಿತ್ತು. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆವು. ಮನೆಗೆ ಬಾ ಎಂದು ಕರೆಯಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಅವಳು, "ಬರ್ತೀನಿ, ಎಲ್ಡು ಗಂಟಿಗಿ ನನ್ನ ಡ್ಯೂಟಿ ಐತಿ," ಎಂದು ರಿಪೇರಿ ಅಂಗಡಿಗಳ ಓಣಿಯ ಕಡೆ ಹೊರಟಳು.